ಕಾರ್-ಟಿ ಮಾಡಿಸಿದವರು ಇದ್ದೀರಾ? ಅನುಭವ ಹೇಳಿ

ಸರಸ್ವತಿಪುರಂ: ಅಣ್ಣನಿಗೆ ಲಿಂಫೋಮಾ ಅನ್ನೋ ರಕ್ತದ ಕ್ಯಾನ್ಸರ್. ಕೀಮೋ ಆದಮೇಲೂ ಎರಡು ಸಲ ಮರುಕಳಿಸಿದೆ. ಈಗ ಡಾಕ್ಟರು ಕಾರ್-ಟಿ ಮಾಡಿಸಿ ಅಂತಿದ್ದಾರೆ, ಅಂದರೆ ಅವನದೇ ರೋಗನಿರೋಧಕ ಕಣ (ಟಿ ಸೆಲ್) ತೆಗೆದು, ಲ್ಯಾಬಲ್ಲಿ ಕ್ಯಾನ್ಸರ್ ಕೊಲ್ಲೋ ಹಾಗೆ ಮಾರ್ಪಡಿಸಿ ವಾಪಸ್ ಹಾಕೋದು. ಮಾಡಿಸಿದವರು ಹೇಗಾಯ್ತು ಹೇಳ್ತೀರಾ?

ಮದ್ದೂರಿನವಳು: ನಮ್ಮನೆಯವರಿಗೆ ಮಾಡಿಸಿದೆವು. ಈಗ ಸ್ಕ್ಯಾನ್‌ನಲ್ಲಿ ಏನೂ ಇಲ್ಲ. ಮೊದಲು 30 ಲಕ್ಷ ಅಂದರು, ಅದು ಬರೀ ಸೆಲ್ ರೇಟು. ಟಿ ಸೆಲ್ ತೆಗೆದು ಲ್ಯಾಬಿಗೆ ಕಳಿಸಿದರೆ ಅದು ತಯಾರಾಗಿ ಬರೋ ತನಕ ಗಡ್ಡೆ ಸುಮ್ನೆ ಇರಲ್ಲ, ಅದಕ್ಕೆ ಮತ್ತೆ ಕೀಮೋ, ಅದರ ಬಿಲ್ ಬೇರೆ, ಜ್ವರ ಏರಿದಾಗ ಕೊಟ್ಟ ಟೊಸಿಲಿಜುಮ್ಯಾಬ್ ಅನ್ನೋ ಔಷಧಿ ಬೇರೆ, ಐಸಿಯು ಬೇರೆ, ಬೆಂಗಳೂರಲ್ಲಿ ಆಸ್ಪತ್ರೆ ಪಕ್ಕದಲ್ಲೇ ಇರಬೇಕು ಅಂತ ರೂಮಿನ ಬಾಡಿಗೆ ಬೇರೆ. ಮಿದುಳಿಗೆ ಏನಾದರೂ ಆಗ್ತಿದೆಯಾ ನೋಡೋಕೆ ನರ್ಸ್ ದಿನಾ ಒಂದು ವಾಕ್ಯ ಬರೆಸೋರು. ಒಂದು ಬೆಳಿಗ್ಗೆ ನಮ್ಮನೆಯವರಿಗೆ ತಮ್ಮ ಹೆಸರೇ ಬರೆಯೋಕೆ ಬರಲಿಲ್ಲ, ಬರೀ ಗೀಚು. ಸ್ಟೀರಾಯ್ಡ್ ಕೊಟ್ಟಮೇಲೆ ಅಕ್ಷರ ವಾಪಸ್ ಬಂತು. ನಾಲೆ ಬಯಲಿನ ಗದ್ದೆ ಮಾರಿದೆವು. ಮಾರಿದ್ದೇ ಸರಿ.

ಕುವೆಂಪುನಗರ: ಗದ್ದೆ ಮಾರಿ ಅಂತ ಸಲೀಸಾಗಿ ಹೇಳಬೇಡಿ ಅಕ್ಕ. ನಮ್ಮಪ್ಪನಿಗೂ ಮಾಡಿಸಿದೆವು. ಮೊದಲ ಸ್ಕ್ಯಾನ್ ಕ್ಲೀನ್, ಆರು ತಿಂಗಳಿಗೆ ಮತ್ತೆ ಬಂತು. ಕ್ಯಾನ್ಸರ್ ಸೆಲ್ ಮೇಲಿದ್ದ ಸಿಡಿ19 ಗುರುತೇ ಹೋಗಿತ್ತು, ಹಾಕಿದ ಸೆಲ್‌ಗೆ ಹಿಡಿಯೋಕೆ ಏನೂ ಸಿಗಲಿಲ್ಲ. ಅಪ್ಪ ಇಲ್ಲ, ಸಾಲ ಇದೆ. ಇನ್ಶೂರೆನ್ಸ್‌ನವರು 'ಪ್ರಯೋಗದ ಚಿಕಿತ್ಸೆ' ಅಂತ ಕ್ಲೇಮ್ ತಳ್ಳಿಹಾಕಿದರು. 2023ರಲ್ಲೇ ದೇಶದಲ್ಲಿ ಒಪ್ಪಿಗೆ ಸಿಕ್ಕಿದೆ, ಇನ್ನೆಂಥ ಪ್ರಯೋಗ?

ಮದ್ದೂರಿನವಳು: ನಾನು ಯಾರಿಗೂ ಮಾರಿ ಅಂದಿಲ್ಲ. ನಮ್ಮ ಗದ್ದೆ, ನಮ್ಮ ಮನುಷ್ಯ.

ಹುಣಸೂರು ರೋಡ್: ಮಗಳಿಗೆ ಎಎಲ್‌ಎಲ್ (ಇನ್ನೊಂದು ರಕ್ತದ ಕ್ಯಾನ್ಸರ್) ಮರುಕಳಿಸಿದಾಗ ಕಾರ್-ಟಿ ಬೇಡ ಅಂದು ಅವಳ ತಮ್ಮನ ಅಸ್ಥಿಮಜ್ಜೆ ಕಸಿ ಮಾಡಿಸಿದೆವು. ಈಗ ಸ್ಕೂಲಿಗೆ ಹೋಗ್ತಾಳೆ. ಕೈ ಚರ್ಮ ಇನ್ನೂ ಸಿಪ್ಪೆ ಏಳುತ್ತೆ, ತಮ್ಮನ ಸೆಲ್ ಅವಳ ಮೈ ಮೇಲೆ ತಿರುಗಿಬಿದ್ದಿದೆ. ಆದರೂ ಕೋಟಿಗಟ್ಟಲೆ ಮಾತಾಡೋ ಕಂಪನಿಗಳಿಗೆ ದುಡ್ಡು ಸುರಿಯಲಿಲ್ಲ.

ಕುವೆಂಪುನಗರ: ಕೋಟಿ ಅಮೆರಿಕದ ರೇಟು ಸ್ವಾಮಿ. ನೆಕ್ಸ್‌ಕಾರ್19 ಅನ್ನೋ ನಮ್ಮ ದೇಶದ ಕಾರ್-ಟಿ ಐಐಟಿ ಬಾಂಬೆ, ಟಾಟಾ ಮೆಮೋರಿಯಲ್‌ನವರ ಕೆಲಸದಿಂದ ಬಂದದ್ದು. ತಿಳಿಯದೆ ಎಲ್ಲರನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಹುಣಸೂರು ರೋಡ್: ನಿಮ್ಮಪ್ಪನಿಗೆ ಹೋದದ್ದು ಕಡಿಮೆ ದುಡ್ಡಾ?

ಕುವೆಂಪುನಗರ: ಅಪ್ಪನ ಸುದ್ದಿ ಎತ್ತಬೇಡಿ.

ಮಳವಳ್ಳಿ: ನಮ್ಮ ಚಿಕ್ಕಮ್ಮನಿಗೆ ಹೊಟ್ಟೆ ಕ್ಯಾನ್ಸರ್, ಇಮ್ಯೂನ್ ಸೆಲ್ ಅಂತ ಒಂದು ಕ್ಲಿನಿಕ್‌ನವರು 4 ಲಕ್ಷ ತಗೊಂಡರು, ಅದೂ ಇದೇನಾ?

ಮದ್ದೂರಿನವಳು: ಅಲ್ಲ! ಇಲ್ಲಿ ಸಿಗೋ ಕಾರ್-ಟಿ ರಕ್ತದ ಕ್ಯಾನ್ಸರ್‌ಗಳಿಗೆ ಮಾತ್ರ. ಬಿಲ್ ಇಟ್ಟುಕೊಂಡು ದೂರು ಕೊಡಿ.

ಕುವೆಂಪುನಗರ: ನಾನೂ ಇನ್ಶೂರೆನ್ಸ್ ದೂರು ಕೇಳೋ ಓಂಬುಡ್ಸ್‌ಮನ್‌ಗೆ ಕೊಟ್ಟಿದ್ದೀನಿ, ಇನ್ನೂ ಉತ್ತರ ಇಲ್ಲ. ಕ್ಲೇಮ್ ಸಿಕ್ಕವರು ಯಾರಾದರೂ ಇದ್ದರೆ ಯಾವ ಕಾಗದ ಹಾಕಿದಿರಿ ಹೇಳಿ.