ಲಾನ್ ತೆಗೆದು ತರಕಾರಿ ಪಾತಿ ಮಾಡಿದವರು ಯಾರಾದರೂ ಇದ್ದೀರಾ?

ಬೋಗಾದಿಯಿಂದ, ಕೇಳಿದವರು:
ನಮಸ್ಕಾರ. ಮೈಸೂರಿನ ನಮ್ಮ ಮನೆ ಮುಂದೆ 10 ಅಡಿ ಅಗಲ, 20 ಅಡಿ ಉದ್ದದ ಲಾನ್ ಇದೆ. ಮನೆ ಕೊಳ್ಳುವಾಗಲೇ ಇತ್ತು. ನೀರು ಜಾಸ್ತಿ ಬೇಕು, ಅಲ್ಲಿ ಕೂರುವವರು ಯಾರೂ ಇಲ್ಲ. ಮಳೆಗಾಲಕ್ಕೆ ಸೊಪ್ಪು, ಬದನೆ, ಬೀನ್ಸ್ ಹಾಕಬೇಕು ಅಂತ ಅಮ್ಮನ ಆಸೆ. ಈಗ ಫೆಬ್ರವರಿ ಕೊನೆ, ಸಮಯ ಇದೆ. ಟಿಲ್ಲರ್ (ನೆಲ ಉಳುವ ಯಂತ್ರ) ಹೊಡೆಸಿದರೆ ಅರ್ಧ ಗಂಟೆ ಕೆಲಸ ಅಂತ ಒಬ್ಬರು ಹೇಳಿದರು. ಲಾನ್ ಹುಲ್ಲಿನ ನಡುವೆ ಗರಿಕೆಯೂ, ಕೊನ್ನಾರಿ ಎಂಬ ಗೆಡ್ಡೆ ಕಳೆಯೂ ಇವೆ. ಏನು ಮಾಡಲಿ?

ಕುವೆಂಪುನಗರದಿಂದ:
ಟಿಲ್ಲರ್ ಬೇಡವೇ ಬೇಡ. ಗರಿಕೆಯ ಬೇರು ತುಂಡಾದರೆ ಸಾಯುವುದಿಲ್ಲ. ಕಬ್ಬಿನ ಬಿತ್ತನೆ ತುಂಡು ನೆಟ್ಟ ಹಾಗೆ, ಒಂದೊಂದು ಗಿಣ್ಣಿನಿಂದಲೂ ಹೊಸ ಗಿಡ ಏಳುತ್ತದೆ. ಅರ್ಧ ಗಂಟೆಯಲ್ಲಿ ಕೆಲಸ ಮುಗಿಸಲು ಹೋಗಿ ವರ್ಷಗಟ್ಟಲೆ ಕಳೆ ಕೀಳಬೇಕಾಗುತ್ತದೆ.

ಮೊದಲು ಅಲ್ಲಲ್ಲಿ ಒಂದಡಿ ಗುಂಡಿ ತೆಗೆದು ಬೇರು ನೋಡಿ. ಬರೀ ಲಾನ್ ಹುಲ್ಲಿರುವ ಕಡೆ ಬೇರು ಮೇಲೆಯೇ ಇರುತ್ತದೆ, ಸಲಿಕೆಯಿಂದ ಎರಡು ಇಂಚು ದಪ್ಪಕ್ಕೆ ಕೊಯ್ದು ಎತ್ತಿದರೆ ಸಾಕು. ಗರಿಕೆ ಹಾಗಲ್ಲ, ಬಿಳಿ ಬೇರು ಅರ್ಧ ಅಡಿ, ಕೆಲವು ಸಲ ಇನ್ನೂ ಕೆಳಗೆ ಹೋಗಿರುತ್ತದೆ. ಕೊನ್ನಾರಿ ಎಲೆ ಕಿತ್ತರೆ ಎಲೆ ಮಾತ್ರ ಕೈಗೆ ಬರುತ್ತದೆ. ಕಪ್ಪು ಗೆಡ್ಡೆ ಒಳಗೇ ಉಳಿದು ಮತ್ತೆ ಚಿಗುರುತ್ತದೆ. ಹೆಚ್ಚಿನ ಗೆಡ್ಡೆಗಳು ಮೇಲಿನ ಅರ್ಧ ಅಡಿ ಮಣ್ಣಿನಲ್ಲೇ ಇರುತ್ತವೆ, ಅದೊಂದು ಅನುಕೂಲ.

ನಮ್ಮ ಕೆಂಪು ಮಣ್ಣು ಬೇಸಿಗೆಯಲ್ಲಿ ಕಲ್ಲಾಗುತ್ತದೆ. ಅಗೆಯುವ ಹಿಂದಿನ ದಿನ ನೀರು ಕೊಟ್ಟು, ಹದ ಬಂದ ಮೇಲೆ ಹಾರೆಯಿಂದ ಮೀಟಿ ಹೆಂಟೆ ಎಬ್ಬಿಸಿ. ಗುದ್ದಲಿಯಿಂದ ಕೊಚ್ಚಬೇಡಿ. ಹೆಂಟೆ ಒಡೆದು ಬೇರು, ಗೆಡ್ಡೆ ಕೈಯಲ್ಲೇ ಆರಿಸಿ. ಉಳಿದದ್ದನ್ನು ಮಾರ್ಚ್ ಬಿಸಿಲಿಗೆ ಬಿಡಿ. ರೈತರು ಕೊಯ್ಲಿನ ನಂತರ ಮಾಗಿ ಉಳುಮೆ ಮಾಡುವುದಕ್ಕೆ ಇದೂ ಒಂದು ಕಾರಣ ಅಲ್ವಾ? ಮೇಲೆ ಬಿದ್ದ ಗೆಡ್ಡೆ ಒಂದೆರಡು ವಾರದಲ್ಲಿ ಒಣಗಿ ಸಾಯುತ್ತದೆ. ನಡುವೆ ನೀರು ಮಾತ್ರ ಬೀಳಬಾರದು.

ಸರಸ್ವತಿಪುರಂನಿಂದ:
ನಾನು ಅಗೆಯಲಿಲ್ಲ. ಹುಲ್ಲು ನೆಲಮಟ್ಟಕ್ಕೆ ಕೊಯ್ದು, ನೀರು ಹಾಕಿ, ರಟ್ಟಿನ ಪೆಟ್ಟಿಗೆ ಬಿಚ್ಚಿ ಹಾಸಿದೆ. ಟೇಪು, ಪಿನ್ನು ತೆಗೆದಿದ್ದೆ. ಅಂಚುಗಳು ಅರ್ಧ ಅಡಿ ಒಂದರ ಮೇಲೊಂದು ಬರಬೇಕು, ಇಲ್ಲದಿದ್ದರೆ ಸಂದಿಯಲ್ಲೇ ಹುಲ್ಲು ಬರುತ್ತದೆ. ಮೇಲೆ ಅರ್ಧ ಅಡಿ ಕಾಂಪೋಸ್ಟ್ ಮತ್ತು ಒಣ ಎಲೆ. ಲಾನ್ ಹುಲ್ಲು ಪೂರ್ತಿ ಕೊಳೆತು ಎರೆಹುಳು ತುಂಬಿದವು, ನೋಡಿ ಬಹಳ ಖುಷಿಯಾಯಿತು. ಆದರೆ ಕೊನ್ನಾರಿ ರಟ್ಟನ್ನು ತೂತು ಮಾಡಿಕೊಂಡು ಬಂತು. ಹಾಗಾಗಿ ನಿಮಗೆ ಇದೊಂದೇ ಸಾಲದು. ಮತ್ತೆ, ರಟ್ಟಿಗೆ ಗೆದ್ದಲು ಹತ್ತಬಹುದು. ಮನೆ ಗೋಡೆಗೆ ತಾಗಿಸಿ ಹಾಸಬೇಡಿ.

ಮಂಡ್ಯದಿಂದ:
ಕುವೆಂಪುನಗರದವರು ಹೇಳಿದ್ದು ಸರಿ. ಅದರ ಮೇಲೆ ನಾನೊಂದು ಸೇರಿಸುತ್ತೇನೆ. ಬೇರು ಆರಿಸಿದ ಮೇಲೆ ನೆಲ ಸಮ ಮಾಡಿ, ಚೆನ್ನಾಗಿ ನೀರು ಉಣಿಸಿ, ತೆಳು ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಹೊದಿಸಿ. ಸುತ್ತ ಅಂಚನ್ನು ಮಣ್ಣಲ್ಲಿ ಹೂಳಿ. ಹಾಳೆ ಪಾರದರ್ಶಕವೇ ಆಗಬೇಕು, ಕಪ್ಪು ಹಾಳೆ ಮಣ್ಣನ್ನು ಅಷ್ಟು ಕಾಯಿಸುವುದಿಲ್ಲ. 4ರಿಂದ 6 ವಾರ ಬಿಟ್ಟರೆ ಮೇಲ್ಮಣ್ಣಿನ ಕಳೆ ಬೀಜ, ಕೆಲವು ರೋಗಾಣುಗಳು ಸಾಯುತ್ತವೆ. ಆಳದ ಕೊನ್ನಾರಿ ಗೆಡ್ಡೆ ಉಳಿಯಬಹುದು, ಅದನ್ನು ಆಮೇಲೆ ಚಿಗುರಿದಾಗಲೆಲ್ಲ ಗೆಡ್ಡೆ ಸಮೇತ ತೆಗೆಯುತ್ತಿರಬೇಕು. ಏಪ್ರಿಲ್ ಮಧ್ಯದಿಂದ ಅಶ್ವಿನಿ, ಭರಣಿ ಮಳೆ ಶುರುವಾದರೆ ಮೋಡ ಕವಿದು ಕಾವು ಸಾಲುವುದಿಲ್ಲ. ಗೆಡ್ಡೆ ಒಣಗಿದ ಕೂಡಲೇ, ಮಾರ್ಚ್ ಮಧ್ಯದೊಳಗೆ ಹೊದಿಸಿ.

ಬೋಗಾದಿಯಿಂದ, ಕೇಳಿದವರು:
ಎಲ್ಲರಿಗೂ ವಂದನೆ. ಇವತ್ತು ಗೇಟಿನ ಪಕ್ಕ ಗುಂಡಿ ತೆಗೆದೆ. ಮುಕ್ಕಾಲು ಅಡಿ ಕೆಳಗೆ ಇಟ್ಟಿಗೆ ಚೂರು, ಸಿಮೆಂಟ್ ಗಟ್ಟಿ ಸಿಕ್ಕಿತು. ಪರವಾಗಿಲ್ವಾ?

ಜೆ.ಪಿ. ನಗರದಿಂದ:
ಹೊಸ ಬಡಾವಣೆಗಳಲ್ಲಿ ಇದು ಸಾಮಾನ್ಯ. ಮನೆ ಕಟ್ಟಿದ ಕಸದ ಮೇಲೆ ಕೆಂಪು ಮಣ್ಣು ಹರಡಿ ಹುಲ್ಲು ಹಾಸಿರುತ್ತಾರೆ. ಲಾನಿಗೆ ಅಷ್ಟು ಸಾಕು, ಬದನೆಗೆ ಸಾಲದು. ಸಿಮೆಂಟ್, ಸುಣ್ಣ ಇರುವ ಮಣ್ಣಿನಲ್ಲಿ ಗಿಡಕ್ಕೆ ಕಬ್ಬಿಣ ಸಿಗುವುದಿಲ್ಲ. ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿಯುತ್ತದೆ. ಸಿಕ್ಕಷ್ಟು ಚೂರು ತೆಗೆಯಿರಿ. ಪೂರ್ತಿ ತೆಗೆಯಲು ಆಗದಿದ್ದರೆ ಪಾತಿಯನ್ನು ಒಂದಡಿ ಎತ್ತರಿಸಿ. ಮಣ್ಣು ಪರೀಕ್ಷೆ ಮಾಡಿಸಿಬಿಡಿ, ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.

ಮಂಡ್ಯದಿಂದ:
ಹೌದು, ಎತ್ತರಿಸಿ. 10 ಅಡಿಯಲ್ಲಿ ನಾಲ್ಕು ಅಡಿಯ ಎರಡು ಪಾತಿ, ನಡುವೆ ಎರಡು ಅಡಿ ದಾರಿ. ಎರಡೂ ಬದಿಯಿಂದ ಕೈ ಚಾಚಿದರೆ ಪಾತಿಯೊಳಗೆ ಕಾಲಿಡದೆ ಎಟುಕುತ್ತದೆ. ಕೊಟ್ಟಿಗೆ ಗೊಬ್ಬರ ಪೂರ್ತಿ ಕಳಿತದ್ದೇ ಇರಲಿ. ಹಸಿ ಗೊಬ್ಬರದ ಜೊತೆ ಗೊಣ್ಣೆಹುಳು ಬಂದು ಬೇರು ತಿನ್ನುತ್ತದೆ. ಪ್ಲಾಸ್ಟಿಕ್ ತೆಗೆದ ಮೇಲೆಯೇ ಗೊಬ್ಬರ, ಬೇವಿನ ಹಿಂಡಿ ಸೇರಿಸಿ.

ಕೊಯ್ದ ಲಾನ್ ಹುಲ್ಲಿನ ಹೆಂಟೆ ಎಸೆಯಬೇಡಿ. ಒಳ್ಳೆಯ ಮೇಲ್ಮಣ್ಣು ಅದರಲ್ಲೇ ಇದೆ. ಬೇರು ಮೇಲೆ ಬರುವಂತೆ ಬೋರಲು ಪೇರಿಸಿ, ಮುಚ್ಚಿಡಿ, ಕೊಳೆತು ಗೊಬ್ಬರವಾಗುತ್ತದೆ. ಗರಿಕೆ, ಕೊನ್ನಾರಿ ಮಾತ್ರ ಆ ರಾಶಿಗೆ ಬೇಡ. ಅಮ್ಮನ ಪೂಜೆಗೆ ಗರಿಕೆ ಬೇಕಿದ್ದರೆ ಕುಂಡದಲ್ಲಿ ಇಟ್ಟುಕೊಳ್ಳಿ.

ಕುವೆಂಪುನಗರದಿಂದ:
ಮೊದಲ ಮಳೆಗೇ ಸೊಪ್ಪಿನ ಬೀಜ ಎರಚಬೇಡಿ. ಉಳಿದ ಕಳೆ ಏಳಲಿ, ಒಮ್ಮೆ ಕಿತ್ತು ಆಮೇಲೆ ಹಾಕಿ. ಒಂದು ಪಾತಿಗೆ ಅಲಸಂದೆ ಒತ್ತಾಗಿ ಬಿತ್ತಿ. ಗರಿಕೆಗೆ ನೆರಳು ಆಗುವುದಿಲ್ಲ, ಅಲಸಂದೆಯ ಎಲೆ ಕೆಳಗೆ ಸೊರಗುತ್ತದೆ. ಇನ್ನೊಂದಕ್ಕೆ ಈರನಗೆರೆ ಬದನೆ ಸಸಿ ಸಿಕ್ಕಿದರೆ ನಾಟಿ ಮಾಡಿ, ನಮ್ಮೂರಿನದೇ ತಳಿ. ಸಾಲಿನಲ್ಲಿರುವುದರಿಂದ ನಡುವೆ ಕಳೆ ತೆಗೆಯುವುದೂ ಸುಲಭ. ಪಕ್ಕದ ಸೈಟಿನಲ್ಲಿ ಗರಿಕೆ ಇದ್ದರೆ ಕಾಂಪೌಂಡ್ ಕಡೆ ಒಂದು ಗೇಣು ಅಗಲದ ಕಾಲುವೆ ತೋಡಿ ಹಾಗೇ ಬಿಡಿ, ದಾಟಿ ಬರುವ ಬಳ್ಳಿಯನ್ನು ವಾರಕ್ಕೊಮ್ಮೆ ಅಲ್ಲೇ ಕತ್ತರಿಸಬಹುದು.