ಎಂ.ಎ. ಪ್ರಾಜೆಕ್ಟ್‌ಗೆ ದೇವರಕಾಡು ತಗೊಳ್ಳಬಹುದಾ?

ಮಳೆಹುಡುಗಿ: ನಾನು ಮಡಿಕೇರಿಯವಳು, ಸಮಾಜಶಾಸ್ತ್ರ ಎಂ.ಎ. ಓದ್ತಿದ್ದೇನೆ. ಊರಿನ ದೇವರಕಾಡಿನ (ದೇವರ ಹೆಸರಲ್ಲಿ ಬಿಟ್ಟ ಕಾಡು) ಮೇಲೆ ಪ್ರಾಜೆಕ್ಟ್ ಮಾಡೋಣ ಅಂದ್ರೆ, ಕೊಡವರ ಬಗ್ಗೆ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1952ರಲ್ಲೇ ಬರೆದಿದ್ದಾರೆ, ಹೊಸದೇನಿದೆ ಅಂತ ಗೈಡ್ ಕೇಳ್ತಾರೆ. ಏನು ಹೇಳಲಿ?

ಕಾಫಿಗಿಡ: ಹೊಸದು ಬೇಕಾದಷ್ಟಿದೆ. ಅವರು ಮುಖ್ಯವಾಗಿ ನೋಡಿದ್ದು ಆಚರಣೆ, ಒಕ್ಕ (ಕೊಡವರ ಕೂಡುಕುಟುಂಬ), ಜಾತಿ. ಕೆಳಗಿನ ಜಾತಿಯವರು ಮೇಲಿನ ಜಾತಿಯವರ ಆಚಾರ ಅನುಸರಿಸಿ ಮೇಲೇರಲು ನೋಡ್ತಾರೆ ಅನ್ನೋ ಸಂಸ್ಕೃತೀಕರಣದ ವಾದ ಬಂದದ್ದೂ ಅಲ್ಲಿಂದಲೇ. ನೀವು ಜಾಗದ ಲೆಕ್ಕ ಹಿಡಿಯಿರಿ. ಇಡೀ ಕೊಡಗಿನಲ್ಲಿ 1905ರಲ್ಲಿ 6,277 ಹೆಕ್ಟೇರ್ ಇದ್ದ ದೇವರಕಾಡು 1985ಕ್ಕೆ 2,550 ಹೆಕ್ಟೇರ್‌ಗೆ ಇಳಿದಿತ್ತು. ಮರ ಕಡಿದರೆ ದೇವರು ಬಿಡಲ್ಲ ಅಂತ ಹೆದರುವ ಊರಲ್ಲೇ ಕಾಡು ಹೇಗೆ ಕರಗಿತು? ಇದೇ ನಿಮ್ಮ ಪ್ರಶ್ನೆ, ಅಲ್ವಾ?

ಪೊನ್ನಂಪೇಟೆಯವ: ನಮ್ಮ ಫಾರೆಸ್ಟ್ರಿ ಕಾಲೇಜಿನವರು ಮರ, ಪಕ್ಷಿ ಎಣಿಸ್ತಾರೆ, ಜನರನ್ನು ಮಾತಾಡಿಸೋದು ಕಮ್ಮಿ. ನೀವು ಅದನ್ನು ಮಾಡಿ. ಅಯ್ಯಪ್ಪನಿಗೆ ಹರಕೆ ಒಪ್ಪಿಸಿದ ಮಣ್ಣಿನ ನಾಯಿಗಳು ಕೆಲವು ಕಾಡುಗಳಲ್ಲಿ ಪಾಚಿ ಹಿಡಿದು ಸಾಲಾಗಿ ಕೂತಿರುತ್ತವೆ. ಈಗ ಯಾರು ಇಡ್ತಾರೆ, ಬೆಂಗಳೂರಿಗೆ ಹೋದವರೂ ಬಂದು ಇಡ್ತಾರಾ ಅಂತ ಕೇಳಿ.

ಕಾಫಿಗಿಡ: ಒಂದು ಮಾತು, ಕಾಫಿ ಕೊಯ್ಲಿನ ಸಮಯದಲ್ಲಿ ಮಾತ್ರ ಹೋಗಬೇಡಿ. ಯಾರೂ ಕೈಗೆ ಸಿಗಲ್ಲ. ಮಳೆಗಾಲದಲ್ಲಿ ಸುಮ್ನೆ ಜಿಗಣೆಗೆ ರಕ್ತದಾನ.

ಮಳೆಹುಡುಗಿ: ಸರಿ, ಹಬ್ಬದ ದಿನ ನೋಡಿಕೊಂಡು ಹೋಗ್ತೇನೆ. ಆ ಹೆಕ್ಟೇರ್ ಲೆಕ್ಕ ಗೈಡ್‌ಗೆ ನಾಳೆಯೇ ತೋರಿಸ್ತೇನೆ.