ಆಫ್ರಿಕಾದ ಹೆಣ್ಣುಮಕ್ಕಳ ವಿದ್ಯೆಗೆ ಸಂಪ್ರದಾಯ ಅಡ್ಡಿಯಾಗಿತ್ತೇ?

ಪ್ರಶ್ನೆ – ಓದುಗಿ
ಆಫ್ರಿಕಾದ ಸಾಧಕಿಯರನ್ನು ಕುರಿತ ಬರಹಗಳಲ್ಲಿ ಸಂಪ್ರದಾಯ ಹೆಣ್ಣನ್ನು ಕಟ್ಟಿಹಾಕಿತ್ತು, ಮಿಷನರಿಗಳ ಶಾಲೆ ಅವಳನ್ನು ಬಿಡಿಸಿತು ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ನನಗೆ ಇದು ಅರ್ಧಸತ್ಯವೆನಿಸುತ್ತಿದೆ. ಆ ಶಾಲೆಗಳು ಬರುವ ಮೊದಲು ಅಲ್ಲಿನ ಹೆಂಗಸರಿಗೆ ವಿದ್ಯೆಯ ದಾರಿಗಳೇ ಇರಲಿಲ್ಲವೇ? ಶಾಲೆಗೆ ಹೋದವರು ತಮ್ಮ ಸಂಸ್ಕೃತಿಯನ್ನು ಬಿಟ್ಟುಕೊಡಲೇಬೇಕಾಯಿತೇ? ಬಲ್ಲವರು ತಿಳಿಸಬೇಕಾಗಿ ವಿನಂತಿ.

ಇತಿಹಾಸಾಸಕ್ತ
ದಾರಿಗಳು ಖಂಡಿತ ಇದ್ದವು. ಇಂದಿನ ಉತ್ತರ ನೈಜೀರಿಯಾದ ಸೊಕೊಟೊ ರಾಜ್ಯದಲ್ಲಿ ನಾನಾ ಅಸ್ಮಾವು (1793–1864) ಅರಬ್ಬಿ, ಫುಲಾನಿ ಮತ್ತು ಹೌಸಾ ಭಾಷೆಗಳಲ್ಲಿ ಕಾವ್ಯ ರಚಿಸಿದ್ದಲ್ಲದೆ, ಹಳ್ಳಿಯ ಹೆಂಗಸರಿಗೆ ಕಲಿಸಲು 'ಯಾನ್ ತಾರು' ಎಂಬ ವ್ಯವಸ್ಥೆಯನ್ನೇ ಕಟ್ಟಿದರು. 'ಜಾಜಿ' ಎಂದು ಕರೆಯಲಾಗುತ್ತಿದ್ದ ಶಿಕ್ಷಕಿಯರು ಅವರ ಪದ್ಯಗಳನ್ನು ಬಾಯಿಪಾಠ ಮಾಡಿಕೊಂಡು ಊರೂರಿಗೆ ಒಯ್ದು ಮನೆಯೊಳಗಿನ ಹೆಂಗಸರಿಗೆ ಹೇಳಿಕೊಡುತ್ತಿದ್ದರು. ಪ್ರತಿಯೊಬ್ಬ ಜಾಜಿಗೂ 'ಮಲ್ಫಾ' ಎಂಬ ಹೆಣೆದ ಟೋಪಿಯನ್ನೂ ಅದಕ್ಕೆ ಸುತ್ತಲು ಕೆಂಪು ಬಟ್ಟೆಯನ್ನೂ ಕೊಡಲಾಗುತ್ತಿತ್ತು. ಅಂಥ ಟೋಪಿ ಹಿಂದೆ ಬೋರಿ ಎಂಬ ದೈವಾರಾಧನೆಯ ಮುಖ್ಯಸ್ಥೆಯ ಗುರುತಾಗಿತ್ತು. ಅಸ್ಮಾವು ಆ ಆರಾಧನೆಯನ್ನು ಒಪ್ಪಿದವರಲ್ಲ. ಆದರೂ ಜನರ ಮನಸ್ಸಿನಲ್ಲಿ ಆ ಟೋಪಿಗಿದ್ದ ಗೌರವವನ್ನು ಶಿಕ್ಷಕಿಯ ತಲೆಗೇರಿಸಿದರು. ಇದಕ್ಕಿಂತ ಜಾಣತನದ ನಡೆ ನನಗೆ ಕಂಡಿಲ್ಲ.

ಹಸಿರುಪ್ರೇಮಿ
ಎರಡನೆಯ ಪ್ರಶ್ನೆಗೆ ಕೀನ್ಯಾದ ವಂಗಾರಿ ಮಾಥಾಯ್ ಅವರ ಬದುಕನ್ನೇ ನೋಡಬಹುದು. ನ್ಯೇರಿ ಪ್ರದೇಶದ ಹಳ್ಳಿಯಲ್ಲಿ ಅವರನ್ನೂ ಶಾಲೆಗೆ ಕಳುಹಿಸಬಾರದೇಕೆ ಎಂದು ಕೇಳಿದವನು ಅಣ್ಣ, ಒಪ್ಪಿದವರು ತಾಯಿ. ಅದೇ ತಾಯಿ, ಮುಗುಮೊ ಎಂಬ ಅತ್ತಿ ಜಾತಿಯ ಮರ ದೇವರದು, ಅದರಿಂದ ಸೌದೆ ತರಕೂಡದು ಎಂದು ಮಗಳಿಗೆ ಹೇಳಿದ್ದರು. ಮಿಷನರಿಗಳ ವಸತಿಶಾಲೆಯಲ್ಲಾದರೋ, ತಾಯ್ನುಡಿಯಾದ ಕಿಕುಯು ಭಾಷೆಯಾಡಿ ಸಿಕ್ಕಿಬಿದ್ದ ಹುಡುಗಿ ಅವಮಾನದ ಬಿಲ್ಲೆಯನ್ನು ಧರಿಸಬೇಕಿತ್ತು. 1971ರಲ್ಲಿ ಡಾಕ್ಟರೇಟ್ ಪಡೆದ ಈ ವಿಜ್ಞಾನಿಗೆ, ಆ ಮರದ ಬೇರುಗಳು ಮಣ್ಣನ್ನು ಹಿಡಿದಿಟ್ಟು ತೊರೆಗಳನ್ನು ಕಾಯುತ್ತಿದ್ದವೆಂಬುದು ಓದಿನಿಂದ ಮನದಟ್ಟಾಯಿತು. ಅದನ್ನು ಕಡಿದಲ್ಲಿ ತೊರೆ ಬತ್ತಿದ್ದನ್ನು ಅವರು ಕಣ್ಣಾರೆ ಕಂಡರು. 1977ರಲ್ಲಿ ಹಳ್ಳಿಯ ಹೆಂಗಸರೊಂದಿಗೆ ಗಿಡ ನೆಡುವ ಹಸಿರು ಪಟ್ಟಿ ಚಳವಳಿಯನ್ನು ಆರಂಭಿಸಿದರು. 2004ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು.

ಶಿಕ್ಷಕಿ
ಮೇಲಿನ ಎರಡೂ ಉತ್ತರಗಳನ್ನು ಒಪ್ಪುತ್ತೇನೆ. ಆದರೆ ಸಂಪ್ರದಾಯವು ಹುಡುಗಿಯರ ದೇಹದಿಂದ ವಸೂಲು ಮಾಡಿದ ಬೆಲೆಯನ್ನು ಮರೆಯಬಾರದು. ಕೀನ್ಯಾದ ಮಸಾಯಿ ಸಮುದಾಯದ ಕಾಕೆನ್ಯಾ ಎನ್ಟಾಯಾ, ಜನನಾಂಗ ಛೇದನಕ್ಕೆ ಒಳಗಾದ ಮೇಲೂ ಓದು ಮುಂದುವರಿಸಲು ಬಿಡುವುದಾದರೆ ಮಾತ್ರ ಅದಕ್ಕೆ ಒಪ್ಪುತ್ತೇನೆ, ಇಲ್ಲವಾದರೆ ಓಡಿಹೋಗುತ್ತೇನೆ ಎಂದು ತಂದೆಯೊಡನೆ ಕರಾರು ಮಾಡಿಕೊಳ್ಳಬೇಕಾಯಿತು. ಎಳೆಯ ಹುಡುಗಿಯೊಬ್ಬಳು ಇಂಥ ಚೌಕಾಸಿಗೆ ಇಳಿಯಬೇಕಾದ ಸ್ಥಿತಿಯನ್ನು ನೆನೆದರೆ ಸಂಕಟವಾಗುತ್ತದೆ. ಮುಂದೆ ಅಮೆರಿಕದಲ್ಲಿ ಓದಲು ಅವರಿಗೆ ಹಣ ಕೂಡಿಸಿಕೊಟ್ಟದ್ದೂ ಅವರ ಊರಿನವರೇ. 2009ರಲ್ಲಿ ಎನ್ಟಾಯಾ ತಮ್ಮೂರಿನಲ್ಲಿಯೇ ಹೆಣ್ಣುಮಕ್ಕಳ ಶಾಲೆ ತೆರೆದರು. ಮಗಳಿಗೆ ಛೇದನವನ್ನಾಗಲಿ ಬಾಲ್ಯವಿವಾಹವನ್ನಾಗಲಿ ಮಾಡಿಸುವುದಿಲ್ಲವೆಂದು ಹೆತ್ತವರು ಮೊದಲೇ ಒಪ್ಪಿಕೊಳ್ಳಬೇಕೆಂಬುದು ಅಲ್ಲಿನ ನಿಯಮ.

ಇತಿಹಾಸಾಸಕ್ತ
ಶಿಕ್ಷಕಿಯವರ ಮಾತು ನ್ಯಾಯವಾದದ್ದು. ಈ ಸಾಲಿಗೆ ನೈಜೀರಿಯಾದ ಫುನ್ಮಿಲಾಯೊ ರಾನ್ಸಮ್-ಕುಟಿ ಅವರನ್ನೂ ಸೇರಿಸಬೇಕು. ಇಂಗ್ಲೆಂಡಿನಲ್ಲಿ ಓದಿ ಬಂದ ಅವರು ತಮ್ಮ ಇಂಗ್ಲಿಷ್ ಹೆಸರನ್ನು ಕೈಬಿಟ್ಟರು, ತಮ್ಮ ಯೊರುಬಾ ಸಮುದಾಯದ ಉಡುಗೆಯನ್ನೇ ಉಟ್ಟರು, ಅಬೆಯೊಕುಟಾ ಪಟ್ಟಣದ ಸಂತೆಯಲ್ಲಿ ವ್ಯಾಪಾರ ಮಾಡುವ ಹೆಂಗಸರಿಗೆ ಅಕ್ಷರ ಕಲಿಸಿದರು. ಮಹಿಳೆಯರ ಮೇಲಿನ ತೆರಿಗೆಯ ವಿರುದ್ಧ ಆ ಹೆಂಗಸರೊಡನೆ ಅವರು ನಡೆಸಿದ ಹೋರಾಟದಿಂದಾಗಿ 1949ರ ಜನವರಿಯಲ್ಲಿ ಅಲ್ಲಿನ ಅರಸ ಗದ್ದುಗೆ ಬಿಟ್ಟಿಳಿಯಬೇಕಾಯಿತು.